ಗೋಮಾಳದ ಸಾಗುವಳಿ: ಫಾರಂ 57 ಅರ್ಜಿ ಬಾಕಿ ಇರುವಾಗಲೇ ತೆರವು ನೋಟಿಸ್ ಬಂದಿದೆ, ಏನು ಮಾಡೋದು?

ಬೇಲಿಸಾಲು:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಮನೆಯವರು ಉಳುಮೆ ಮಾಡ್ಕೊಂಡು ಬಂದಿದ್ದೀವಿ. ಪಹಣಿ ಕಲಂ 9ರಲ್ಲಿ ಸರ್ಕಾರಿ ಗೋಮಾಳ ಅಂತಲೇ ಇದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅಪ್ಪನ ಕಾಲದಿಂದ ರಾಗಿ, ಹುರುಳಿ ಬೆಳೀತಿದ್ದೀವಿ. ನನ್ನ ಸ್ವಾಧೀನದಲ್ಲಿರೋದು ಎರಡು ಎಕರೆ ಚಿಲ್ಲರೆ, ಬೇರೆ ಹಿಡುವಳಿ ಜಮೀನು ಒಂದು ಗುಂಟೆಯೂ ಇಲ್ಲ. ಈ ಸಾಗುವಳಿಯನ್ನ ಸಕ್ರಮ ಮಾಡಿಕೊಡಿ ಅಂತ ಅಪ್ಪ ಫಾರಂ 53ರಲ್ಲಿ ಅರ್ಜಿ ಕೊಟ್ಟಿದ್ರು, ಅದೇನಾಯ್ತು ಅಂತ ಅವರು ತೀರಿಕೊಳ್ಳೋವರೆಗೂ ಗೊತ್ತಾಗಲಿಲ್ಲ. ಆಮೇಲೆ ಅದಕ್ಕೇ ನಾನು ಫಾರಂ 57 ಹಾಕಿದೆ, ಸ್ವೀಕೃತಿ ಚೀಟಿ ಇಟ್ಕೊಂಡಿದ್ದೀನಿ.

ಈಗ ಒಂದು ನೋಟಿಸ್ ಬಂದಿದೆ. ಅನಧಿಕೃತ ಒತ್ತುವರಿಯನ್ನು ಏಳು ದಿನದೊಳಗೆ ತೆರವು ಮಾಡಬೇಕು, ಇಲ್ಲಾಂದ್ರೆ ಇಲಾಖೆಯೇ ತೆರವು ಮಾಡಿ ಖರ್ಚು ವಸೂಲಿ ಮಾಡುತ್ತೆ ಅಂತ. ಸಹಿ ಇದೆ, ಮೊಹರು ಇದೆ. "ಕಲಂ ____ ರಡಿ" ಅನ್ನೋ ಜಾಗ ಮಾತ್ರ ಹಾಗೇ ಖಾಲಿ ಬಿಟ್ಟಿದ್ದಾರೆ! ಹೊಲದಲ್ಲಿ ರಾಗಿ ತೆನೆ ಕಟ್ಟಿ ನಿಂತಿದೆ. ಅರ್ಜಿ ಬಾಕಿ ಇದ್ದಾಗ ಹೀಗೆ ಎಬ್ಬಿಸಬಹುದಾ? ತಿಳಿದವರು ಹೇಳಿ.

ಕರಿಕೋಟು:
ಬೇಲಿಸಾಲು ಅವರೇ, ನಾನು ವಕೀಲಿ ವೃತ್ತಿಯಲ್ಲಿದ್ದೀನಿ, ಆದರೆ ಕಾಗದ ನೋಡದೆ ಹೇಳೋದು ಸಾಮಾನ್ಯ ಮಾತು ಅಷ್ಟೇ, ಅದನ್ನ ಮನಸ್ಸಲ್ಲಿಟ್ಕೊಂಡು ಓದಿ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ನಿಮಗೆ ಈಗ ಇರೋದು ಮಾಲೀಕತ್ವ ಅಲ್ಲ. ಅರ್ಜಿ ತೀರ್ಮಾನ ಆಗೋವರೆಗೆ, ಕ್ರಮ ತಪ್ಪಿಸಿ ಎಬ್ಬಿಸಬಾರದು ಅನ್ನೋ ರಕ್ಷಣೆ ಮಾತ್ರ. ಇವೆರಡನ್ನ ಒಂದೇ ಅಂದ್ಕೊಂಡು ಕೋರ್ಟಿಗೆ ಬಂದು "ಇದು ನಮ್ಮ ಜಮೀನು" ಅಂತ ವಾದ ಹೂಡಿದವರು ಇದ್ದ ರಕ್ಷಣೆಯನ್ನೂ ಕಳ್ಕೊಂಡಿದ್ದಾರೆ.

ಕರ್ನಾಟಕ ಭೂಕಂದಾಯ ಕಾಯ್ದೆ 1964ರಲ್ಲಿ ತೆರವಿನ ದಾರಿ ಇದೆ. ಕಲಂ 104 ಸಂಕ್ಷಿಪ್ತ ವಿಚಾರಣೆಯಿಂದ ತೆರವು ಮಾಡೋ ಅಧಿಕಾರ ಕೊಡುತ್ತೆ. ಎಬ್ಬಿಸೋ ವಿಧಾನ ಕಲಂ 39ರಲ್ಲಿದೆ: ನೋಟಿಸ್ ಕೊಡಬೇಕು, ಸಮಂಜಸವಾದ ಕಾಲಾವಕಾಶ ಕೊಡಬೇಕು, ಅದಕ್ಕೂ ಬಗ್ಗದಿದ್ದರೆ ಆಮೇಲೆ ಮುಂದಿನ ಕ್ರಮ. ಸಂಕ್ಷಿಪ್ತ ಅಂದ್ರೆ ವಿಚಾರಣೆಯೇ ಬೇಡ ಅಂತಲ್ಲ. ಅದೇ ಕಾಯ್ದೆಯ 94ಎ ಅಕ್ರಮ ಸಾಗುವಳಿಯನ್ನ ಸಕ್ರಮ ಮಾಡೋಕೆ ಸಮಿತಿ ಮಾಡಿದೆ. ಸರ್ಕಾರವೇ ಅರ್ಜಿ ಕರೆದು ಸ್ವೀಕೃತಿ ಕೊಟ್ಟಿದೆ, ಅದನ್ನ ತೀರ್ಮಾನ ಮಾಡದೆ ಜೆಸಿಬಿ ತರೋದು ತನ್ನ ಕಾನೂನಿಗೆ ತಾನೇ ಬೆನ್ನು ಹಾಕಿದ ಹಾಗೆ. ಇಂಥ ರಿಟ್‌ಗಳಲ್ಲಿ ಹೈಕೋರ್ಟಿಂದ ಸಾಮಾನ್ಯವಾಗಿ ಸಿಗೋದು ಇಷ್ಟೇ: ಅರ್ಜಿ ಇತ್ಯರ್ಥ ಮಾಡಿ, ಅಲ್ಲಿವರೆಗೆ ಯಥಾಸ್ಥಿತಿ. ಭೂಮಿ ಕೊಡಿ ಅಂತ ಕೋರ್ಟ್ ಹೇಳಲ್ಲ.

ಇನ್ನೊಂದು ಮಾತು. ಸರ್ಕಾರಿ ಜಮೀನು ಒತ್ತುವರಿಗೆ ಜೈಲು, ದಂಡ ಹೇಳೋ ಕಲಂ 192ಎ ಇದೆಯಲ್ಲ, ಸಕ್ರಮದ ಅರ್ಜಿ ಬಾಕಿ ಇರೋ ಪ್ರಕರಣಗಳನ್ನ ಅದು ಹೊರಗಿಟ್ಟಿದೆ. ಯಾರಾದರೂ ಕ್ರಿಮಿನಲ್ ಕೇಸ್ ಹಾಕ್ತೀವಿ ಅಂತ ಹೆದರಿಸಿದ್ರೆ ಸ್ವೀಕೃತಿ ಚೀಟಿ ಮುಂದಿಡಿ.

ಖಾಲಿ ಬಿಟ್ಟ ಕಲಮನ್ನ ನೀವು ತುಂಬೋಕೆ ಹೋಗಬೇಡಿ, ಅದು ನಿಮಗೇ ಅನುಕೂಲ. ಉತ್ತರದ ಮೊದಲ ಸಾಲಲ್ಲೇ "ಯಾವ ಕಲಮಿನಡಿ ಎಂಬುದು ನೋಟಿಸಿನಲ್ಲಿ ಇರುವುದಿಲ್ಲ" ಅಂತ ಬರೀರಿ.

ಹಳೇ ಕಡತ:
ಕಂದಾಯ ಇಲಾಖೆಯಲ್ಲಿ ಸೇವೆ ಮಾಡಿ ನಿವೃತ್ತಿ ಆದವನು ನಾನು. ವಕೀಲರು ಹೇಳಿದ್ದು ಸರಿ. ಆದರೆ ಕೋರ್ಟಿಗೆ ಹೋಗೋ ಮುಂಚೆ ಕಡತ ಗಟ್ಟಿ ಮಾಡ್ಕೋಬೇಕು ಮಗಾ.

ಮೂರು ನಮೂನೆಗೂ ಬೇರೆ ಬೇರೆ ಲೆಕ್ಕ. 50 ಮತ್ತು 53ಕ್ಕೆ 1990ರ ಏಪ್ರಿಲ್ 14ಕ್ಕಿಂತ ಮುಂಚಿನ ಸಾಗುವಳಿ ತೋರಿಸಬೇಕು. 50 ತೊಂಬತ್ತೊಂದರ ಹೊತ್ತಿಗೆ ಕರೆದದ್ದು, ಆಗ ತಪ್ಪಿಸಿಕೊಂಡವರಿಗೆ 98-99ರಲ್ಲಿ 53 ಬಂತು. 57 ಆಮೇಲಿನ ತಿದ್ದುಪಡಿ, ಅದಕ್ಕೆ 2005ರ ಜನವರಿ 1ಕ್ಕಿಂತ ಮುಂಚಿನ ಸ್ವಾಧೀನ. ನಿಮ್ಮಪ್ಪ 53 ಕೊಟ್ಟಿದ್ರು ಅಂದ್ರೆ ಅದು ನಿಮ್ಮ 57ಕ್ಕಿಂತ ಬಲವಾದ ಕಾಗದ. ತಾಲೂಕು ಕಚೇರಿಯಲ್ಲಿ ನಮೂನೆ 53ರ ವಹಿ ಅಂತ ಬೇರೆ ರಿಜಿಸ್ಟರ್ ಇರುತ್ತೆ, ಗ್ರಾಮವಾರು. ಅದರಲ್ಲಿ ಅವರ ಹೆಸರಿನ ಮುಂದೆ ಷರಾ ಏನಿದೆ ನೋಡಿ: ಮಂಜೂರು, ವಜಾ, ಅಥವಾ ಖಾಲಿ. ಖಾಲಿ ಇದ್ರೆ ಅರ್ಜಿ ಇನ್ನೂ ಜೀವಂತ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ವಾರಸುದಾರರು ಮುಂದುವರಿಸಿ ಅಂತ ಕೇಳಿ. ವಜಾ ಅಂತಿದ್ರೆ ಆದೇಶದ ದೃಢೀಕೃತ ನಕಲು ಕೇಳಿ. ತಿಳಿವಳಿಕೆ ಪತ್ರವನ್ನ ನಿಮ್ಮ ಮನೆಗೆ ತಲುಪಿಸಿದ್ದಕ್ಕೆ ಸಹಿ ಎಲ್ಲಿದೆ ಅಂತಲೂ ಕೇಳಿ. ಮೇಲ್ಮನವಿಯ ಹಾದಿ ತೆರೆಯೋದು ಅಲ್ಲಿಂದಲೇ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋದಾದ್ರೆ "ನನ್ನ ತಂದೆಯ ಅರ್ಜಿ ಏನಾಯ್ತು" ಅಂತ ಕೇಳಬೇಡಿ. "ಇಂಥ ಗ್ರಾಮದ ನಮೂನೆ 53ರ ವಹಿಯ ಪುಟಗಳ ನಕಲು" ಅಂತ ಕೇಳಿ. ಮೊದಲನೇದಕ್ಕೆ "ಮಾಹಿತಿ ಲಭ್ಯವಿಲ್ಲ" ಅಂತ ಒಂದು ಸಾಲು ಬರುತ್ತೆ. ಎರಡನೇದಕ್ಕೆ ಒಂದೋ ಪುಟ ಕೊಡಬೇಕು, ಇಲ್ಲಾ ವಹಿಯೇ ಕಳೆದಿದೆ ಅಂತ ಬರೆದುಕೊಡಬೇಕು. ಎರಡರಲ್ಲಿ ಯಾವುದು ಬಂದ್ರೂ ನಿಮಗೆ ಉಪಯೋಗವೇ.

ಸಾಕ್ಷಿಗೆ ಏನೇನು ಬೇಕು ಅಂದ್ರೆ, ಮೊದಲನೇದು ಟಿ.ಟಿ. ದಂಡದ ರಶೀದಿ. ಅಕ್ರಮ ಸಾಗುವಳಿಗೆ ಇಲಾಖೆ ಹಾಕಿದ ದಂಡ ಅದು, ಕಟ್ಟಿದವರು ಅವಮಾನ ಅಂತ ಹರಿದು ಹಾಕಿರ್ತಾರೆ. ಇಷ್ಟನೇ ಇಸವಿಯಲ್ಲಿ ಇಂಥವನು ಈ ಜಮೀನಲ್ಲಿದ್ದ ಅಂತ ಸರ್ಕಾರವೇ ಬರೆದುಕೊಟ್ಟ ಕಾಗದ ಅದಕ್ಕಿಂತ ಬೇರೆ ಯಾವುದಿದೆ ಹೇಳಿ? ಜೊತೆಗೆ ಹಳೇ ಕೈಬರಹದ ಪಹಣಿಗಳ ಕಲಂ 12(2), ಅಲ್ಲಿ ಸಾಗುವಳಿದಾರನ ಹೆಸರು ಬರೀತಿದ್ರು.

ಹುಲ್ಲುಗಾವಲು:
ಎಲ್ಲರೂ ಸಾಗುವಳಿದಾರರ ಪರ ಮಾತಾಡ್ತಿದ್ದೀರಿ, ದನಕರುಗಳ ಪರ ಯಾರೂ ಇಲ್ಲ, ಅದಕ್ಕೆ ನಾನು ಬರೀತೀನಿ. ನಮ್ಮೂರ ಗೋಮಾಳ ಹೀಗೇ ಹೋಯ್ತು. ಮೊದಲು ಬಡವರು ಅಂಚಲ್ಲಿ ಉತ್ತರು, ಅವರ ಹಿಂದೆ ಉಳ್ಳವರು ಬಂದು ಬೇಲಿ ಹಾಕಿದ್ರು. ಇವತ್ತು ಕುರಿ ಸಾಕೋ ನಾನು ರಸ್ತೆ ಬದಿಯಲ್ಲಿ ಮೇಯಿಸ್ತಿದ್ದೀನಿ. ನಿಯಮ ಏನು ಹೇಳುತ್ತೆ? ಭೂಕಂದಾಯ ನಿಯಮ 97ರ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ ಮೇವಿನ ಜಾಗ ಇರಬೇಕು. ಊರಿನ ಜಾನುವಾರು ಲೆಕ್ಕ ಹಾಕಿ, ಮಿಕ್ಕಿದ್ದು ಹೆಚ್ಚುವರಿ ಇದ್ರೆ ಮಾತ್ರ ಮಂಜೂರು. 2011ರ ಜಗಪಾಲ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಗ್ರಾಮದ ಸಾಮೂಹಿಕ ಭೂಮಿ ಒತ್ತುವರಿ ಬಿಡಿಸಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿದೆ. ಎಷ್ಟು ವರ್ಷದಿಂದ ಕೂತಿದ್ದೀರಿ ಅನ್ನೋದು ನೆಪ ಆಗಬಾರದು ಅಂತಲೂ ಹೇಳಿದೆ.

ಬೇಲಿಸಾಲು:
ಅಣ್ಣಾ, ನಿಮ್ಮ ಸಂಕಟ ಅರ್ಥ ಆಗುತ್ತೆ, ನಮ್ಮನೇಲೂ ಹಸು ಇವೆ. ಆದರೆ ಅದೇ ಸರ್ವೆ ನಂಬರಿನ ಮೇಲುಗಡೆ ಒಬ್ಬರು ಇಪ್ಪತ್ತು ಎಕರೆಗೆ ತಂತಿ ಬೇಲಿ ಹಾಕಿದ್ದಾರೆ, ಅವರಿಗೆ ನೋಟಿಸ್ ಇಲ್ಲ. ಕಾಫಿ ಬೆಳೆಗಾರರು ಒತ್ತುವರಿ ಮಾಡಿದ್ದನ್ನ 25 ಎಕರೆವರೆಗೆ ಗುತ್ತಿಗೆಗೆ ಕೊಡೋಕೆ ಕಾಯ್ದೆಯನ್ನೇ ತಿದ್ದಿದ್ರಲ್ಲ. ಎರಡು ಎಕರೆ ರಾಗಿಯವನು ಒತ್ತುವರಿದಾರ, 25 ಎಕರೆಯವನು ಗುತ್ತಿಗೆದಾರ!

ಕರಿಕೋಟು:
ಹುಲ್ಲುಗಾವಲು ಅವರು ಹೇಳಿದ ತೀರ್ಪನ್ನ ಪೂರ್ತಿ ಓದಬೇಕು. ಭೂರಹಿತ ಕಾರ್ಮಿಕರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರಿ ಅಧಿಸೂಚನೆ ಅಡಿ ಗುತ್ತಿಗೆ ಕೊಟ್ಟಿದ್ದರೆ ಅಂಥ ಅಪವಾದಕ್ಕೆ ಅದರಲ್ಲೇ ಜಾಗ ಇದೆ. ಆದರೂ ಅವರ ಮುಖ್ಯ ಮಾತು ತೂಕದ್ದು. ಗೋಮಾಳ ಕೊರತೆ ಇರೋ ಊರಲ್ಲಿ ಸಮಿತಿ ಮಂಜೂರು ಮಾಡಿದ್ರೂ ಆಮೇಲೆ ರದ್ದಾಗೋ ಸಂಭವ ಜಾಸ್ತಿ. ಬೇಲಿಸಾಲು ಅವರೇ, ನಿಮ್ಮೂರಿನ ಜಾನುವಾರು ಸಂಖ್ಯೆಗೂ ಗೋಮಾಳದ ವಿಸ್ತೀರ್ಣಕ್ಕೂ ತಾಳೆ ಹಾಕಿ ಒಂದು ಟಿಪ್ಪಣಿ ನೀವೇ ಮಾಡಿಟ್ಕೊಳ್ಳಿ. ಇನ್ನು ನಗರದ ಸುತ್ತಳತೆ. ಬೆಂಗಳೂರಿನ ಗಡಿಯಿಂದ 18 ಕಿಲೋಮೀಟರ್ ಒಳಗೆ ಸಕ್ರಮ ಇಲ್ಲ, ಉಳಿದ ಪಟ್ಟಣಗಳಿಗೂ ಅದರದರದೇ ದೂರ ಇದೆ. ಕೆರೆ ಅಂಗಳ, ಅರಣ್ಯ, ಇವೂ ಇಲ್ಲ. ಹಿಡುವಳಿಯೂ ಸೇರಿ ಒಟ್ಟು 4 ಎಕರೆ 38 ಗುಂಟೆ ಮೀರಬಾರದು.

ಕಾನುಮನೆ:
ನಮ್ಮ ಉತ್ತರ ಕನ್ನಡದ್ದು ಬೇರೆಯೇ ಪುರಾಣ. ಇಲ್ಲಿ ಗೋಮಾಳ ಅಲ್ಲ, ಎಲ್ಲಾ ಅರಣ್ಯ. ಅಜ್ಜ ಮನೆ ಕಟ್ಟಿ, ಹಿಂದುಗಡೆ ಗದ್ದೆ, ಮೇಲೆ ಬೆಟ್ಟ ಅಂತ ಬದುಕಿದವರು ನಾವು. ಕಂದಾಯದ ನಕ್ಷೆಯಲ್ಲಿ ಒಂದು, ಅರಣ್ಯದ ನಕ್ಷೆಯಲ್ಲಿ ಇನ್ನೊಂದು. ಜಂಟಿ ಸರ್ವೆ ಮಾಡ್ತೀವಿ ಅಂತ ಬಂದವರು ಚೈನು ಹಿಡಿದು ನಮ್ಮ ಅಡಿಗೆಮನೆ ತನಕ ಅಳೆದು ಹೋದರು, ನಕ್ಷೆ ಮಾತ್ರ ಇವತ್ತಿಗೂ ಕೈಗೆ ಸಿಕ್ಕಿಲ್ಲ.

ಕಾಡಂಚಿನವರು ಇಲ್ಲಿ ಓದ್ತಿದ್ದರೆ, ನಿಮಗೆ ಬಗರ್ ಹುಕುಂ (ಮೇಲೆ ಹೇಳಿದ ಅಕ್ರಮ ಸಾಗುವಳಿ ಸಕ್ರಮ) ಅಲ್ಲ, ಅರಣ್ಯ ಹಕ್ಕು ಕಾಯ್ದೆ 2006 ನೋಡಿ. ಅದರ ಕಲಂ 4(5) ಸ್ಪಷ್ಟ ಇದೆ: ಹಕ್ಕು ಗುರುತಿಸಿ ಪರಿಶೀಲಿಸುವ ಪ್ರಕ್ರಿಯೆ ಮುಗಿಯೋವರೆಗೆ ಅರಣ್ಯವಾಸಿಯನ್ನ ತನ್ನ ಸ್ವಾಧೀನದ ಭೂಮಿಯಿಂದ ಒಕ್ಕಲೆಬ್ಬಿಸುವ ಹಾಗಿಲ್ಲ. ಇಷ್ಟು ನೇರವಾಗಿ ಬೇರೆ ಕಾಯ್ದೆಯಲ್ಲಿ ಬರೆದದ್ದು ನಾನು ನೋಡಿಲ್ಲ. ಸ್ವಾಧೀನ 2005ರ ಡಿಸೆಂಬರ್ 13ಕ್ಕೆ ಮುಂಚಿನದಾಗಿರಬೇಕು, ಮಿತಿ 4 ಹೆಕ್ಟೇರ್. ಬುಡಕಟ್ಟಿನವರಿಗೆ ಅಷ್ಟು ಸಾಕು. ನಮ್ಮಂಥ ಇತರೆ ಪಾರಂಪರಿಕ ಅರಣ್ಯವಾಸಿಗಳಿಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸು ಅಂತಾರೆ. ಅರ್ಜಿಗಳು ಬೀಳೋದು ಇಲ್ಲೇ. ಈ ತುಂಡು ನೆಲವನ್ನೇ 75 ವರ್ಷದಿಂದ ಉಳುತ್ತಿದ್ದೆ ಅನ್ನೋದಕ್ಕೆ ದಾಖಲೆ ಕೊಡಿ ಅಂತ ಕೇಳ್ತಾರೆ. ಕಾಯ್ದೆ ಕೇಳೋದು ಅದಲ್ಲ. ಆ ಭಾಗದ ಕಾಡಲ್ಲಿ ಮೂರು ತಲೆಮಾರಿನ ವಾಸ, ಕಾಡಿನ ಮೇಲಿನ ಅವಲಂಬನೆ. ನೆಲದ ಸ್ವಾಧೀನಕ್ಕೆ 2005 ಸಾಕು. ಹಿರಿಯರ ಹೇಳಿಕೆಯೂ ಸಾಕ್ಷಿ, ಹಳೇ ಬಾವಿ, ಕಟ್ಟೆ, ಮನೆಯ ಪಂಚಾಂಗವೂ (ಅಡಿಪಾಯ) ಸಾಕ್ಷಿ ಅಂತ ನಿಯಮದಲ್ಲೇ ಇದೆ. ಉಪಗ್ರಹ ಚಿತ್ರ ಪೂರಕ ಅಷ್ಟೆ, ಅದೊಂದನ್ನೇ ಹಿಡಿದು ತಿರಸ್ಕರಿಸೋ ಹಾಗಿಲ್ಲ.

ತಿರಸ್ಕಾರ ಆದ್ರೆ ಕಾರಣ ಬರೆದು ಕೊಡಬೇಕು, 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತರನ್ನ ಎಬ್ಬಿಸಿ ಅಂದಾಗ ನಮ್ಮೂರಲ್ಲಿ ಒಲೆ ಹಚ್ಚಿರಲಿಲ್ಲ. ಅದೇ ತಿಂಗಳು 28ಕ್ಕೆ ಅದೇ ಕೋರ್ಟ್ ತಡೆ ಕೊಟ್ಟಿತು. ತಿರಸ್ಕಾರ ಮಾಡುವಾಗ ಕ್ರಮ ಪಾಲಿಸಿದ್ದೀರಾ ಅಂತ ರಾಜ್ಯಗಳನ್ನೇ ಕೇಳಿತು. ಅವತ್ತಿಂದ ನಾನು ಊರಿನವರಿಗೆ ಹೇಳೋದೊಂದೇ, ತಿರಸ್ಕಾರದ ಪತ್ರ ಬಂದ್ರೆ ಹೆದರಿ ಬಚ್ಚಿಡಬೇಡಿ, ಕವರು ಸಮೇತ ಇಟ್ಕೊಳ್ಳಿ, ದಿನಾಂಕ ಇರೋದು ಕವರಿನ ಮೇಲೆ.

ಹಳೇ ಕಡತ:
ಕಾನುಮನೆ ಅವರ ಮಾತಿಗೆ ಒಂದು ಸೇರಿಸ್ತೀನಿ. ಅರಣ್ಯ ಅಂತ ನೋಟಿಸ್ ಬಂದ್ರೆ, ಅದು ಕರ್ನಾಟಕ ಅರಣ್ಯ ಕಾಯ್ದೆ 1963ರ ಕಲಂ 4ರ ಹಂತದ್ದೋ 17ರ ಹಂತದ್ದೋ ಕೇಳಿ. 4 ಅಂದ್ರೆ ಮೀಸಲು ಅರಣ್ಯ ಮಾಡೋ ಉದ್ದೇಶ ಮಾತ್ರ, ಜನರ ಹಕ್ಕು ವಿಚಾರಣೆ ಮಾಡೋಕೆ ಅರಣ್ಯ ವ್ಯವಸ್ಥಾಪನಾಧಿಕಾರಿ ಇರ್ತಾರೆ. 17 ಆದ ಮೇಲೆಯೇ ಅಂತಿಮ. ಎಷ್ಟೋ ಊರುಗಳು ತಲೆಮಾರು ಕಳೆದರೂ 4ರಲ್ಲೇ ನಿಂತಿವೆ. ಇನ್ನು 64ಎ ಅಡಿ ತೆರವು ಮಾಡೋದಾದ್ರೂ ಅಹವಾಲು ಹೇಳೋಕೆ ಅವಕಾಶ ಕೊಟ್ಟೇ ಮಾಡಬೇಕು. ಮಲೆನಾಡಿನ ಹಳಬರು 27-4-1978 ಅನ್ನೋ ತಾರೀಖನ್ನ ಬಾಯಿಪಾಠ ಹೇಳ್ತಾರಲ್ಲ, ಅದು ಅರಣ್ಯ ಒತ್ತುವರಿ ಸಕ್ರಮದ ಹಳೇ ಗಡುವು. ಆ ಪಟ್ಟಿಯಲ್ಲಿ ಅಜ್ಜನ ಹೆಸರಿದ್ರೆ ಅದನ್ನೂ ಹುಡುಕಿಸಿ.

ತಾಂಡಾದ ಹುಡುಗ:
ನಮಸ್ಕಾರ್ರೀ ಎಲ್ಲಾರಿಗೂ. ಹೊಲದ ಮಾತು ಆತು, ಮನಿ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆ ತಾಂಡಾದಾಗ ಮನಿ ಐತಿ, ಕೆಳಗಿನ ಜಾಗ ಯಾರದ್ದೋ ಹೆಸರಿನ್ಯಾಗ. ಸರ್ಕಾರಿ ಜಾಗದಾಗ ಕಟ್ಟಿದ ಮನಿ ಸಕ್ರಮ ಮಾಡಾಕ ಹಳ್ಳಿಯೊಳಗ ಭೂಕಂದಾಯ ಕಾಯ್ದೆಯ 94ಸಿ ಅಂತ ಐತ್ರಿ. ಖಾಸಗಿ ಜಮೀನಿನ್ಯಾಗ ತಾಂಡಾ, ಗೊಲ್ಲರಹಟ್ಟಿ ಇದ್ರ ಭೂಸುಧಾರಣಾ ಕಾಯ್ದೆಗೆ ಸೇರಿಸಿದ 38ಎ ನೋಡ್ರಿ. 2023ರ ಜನವರಿ 19ಕ್ಕ ಮಳಖೇಡದಾಗ 50 ಸಾವಿರಕ್ಕೂ ಹೆಚ್ಚು ಕುಟುಂಬಕ್ಕ ಹಕ್ಕುಪತ್ರ ಕೊಟ್ರಲ್ಲ, ತಾಂಡಾಗಳನ್ನ ಕಂದಾಯ ಗ್ರಾಮ ಮಾಡಿದ ಮ್ಯಾಲೆ ಬಂದದ್ದು ಅದು. ನಮ್ಮ ಅವ್ವನ ಹೆಸರಿಗೂ ಬಂತು. ಆದ್ರ ಹಕ್ಕುಪತ್ರದಾಗ ಚಕ್ಕುಬಂದಿ ಒಂದು, ಪಂಚಾಯ್ತಿ ಖಾತಾದಾಗ ಇನ್ನೊಂದು. ಪತ್ರ ಕೈಗೆ ಬಂದ ಕೂಡ್ಲೆ ಪೂರ್ವಕ್ಕ ಯಾರು, ಪಶ್ಚಿಮಕ್ಕ ಯಾರು ಓದಿ ನೋಡ್ರಪಾ, ಫೋಟೋ ತೆಗಿಸ್ಕೊಂಡು ಕುಂದರಬ್ಯಾಡ್ರಿ.

ಕರಿಕೋಟು:
ತಾಂಡಾದ ಹುಡುಗ ಹೇಳಿದ ಮನೆ ವಿಷಯಕ್ಕೆ ಇನ್ನೊಂದು: 2024ರ ನವೆಂಬರ್ 13ರ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಕಟ್ಟಡ ಕೆಡವೋ ಮುಂಚೆ ಕನಿಷ್ಠ 15 ದಿನದ ನೋಟಿಸ್ ಬೇಕು ಅಂದಿದೆ. ರಸ್ತೆ, ಕಾಲುದಾರಿ, ರೈಲು ಹಳಿ ಪಕ್ಕ, ನದಿ, ಕೆರೆಯಂಥ ಕಡೆ ಇರೋದಕ್ಕೆ ಆ ರಕ್ಷಣೆ ಇಲ್ಲ. ಕೋರ್ಟೇ ಕೆಡವೋಕೆ ಆದೇಶ ಮಾಡಿದ್ರೂ ಇಲ್ಲ.

ಸಾಲುಮನೆ:
ನಾನು ಕೇಳೋದು ಸ್ವಲ್ಪ ಬೇರೆ. ಅಪ್ಪ, ಅಮ್ಮ ಇಬ್ಬರೂ ತೋಟದಲ್ಲಿ ಕೆಲಸ ಮಾಡ್ತಿದ್ರು, ನಾವು ಹುಟ್ಟಿದ್ದೇ ಲೈನ್‌ಮನೆಯಲ್ಲಿ. ಅಪ್ಪನ ಕೈಲಿ ಈಗ ಆಗಲ್ಲ. ಮಾಲೀಕರು ಮನೆ ಖಾಲಿ ಮಾಡಿ ಅಂತ ಕರೆಂಟ್ ತೆಗೆಸಿದ್ದಾರೆ. ಇಷ್ಟು ವರ್ಷ ಇದ್ದೀವಿ, ಅದು ನಮ್ಮದಾಗಲ್ವಾ ಸರ್?

ಕರಿಕೋಟು:
ಸಾಲುಮನೆ ಅವರೇ, ನಿಮಗೆ ಸಮಾಧಾನದ ಮಾತು ಹೇಳಿ ದಾರಿ ತಪ್ಪಿಸೋಕೆ ಮನಸ್ಸಿಲ್ಲ. ಮಾಲೀಕರ ಅನುಮತಿಯಲ್ಲಿ, ಕೆಲಸದ ಕಾರಣಕ್ಕೆ ಇದ್ದವರಿಗೆ ವರ್ಷ ಎಷ್ಟಾದರೂ ಮಾಲೀಕತ್ವ ಹುಟ್ಟಲ್ಲ. ಕಾವಲುಗಾರ, ಆಳು ಆಗಿದ್ದವರ ಬಗ್ಗೆ 2012ರ ಮರಿಯಾ ಮಾರ್ಗರಿಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಗಿಯಾಗಿ ಹೇಳಿದೆ. ಭೂಸುಧಾರಣಾ ಕಾಯ್ದೆಯ ಕಲಂ 38 ಪರರ ಜಮೀನಲ್ಲಿ ವಾಸವಿದ್ದ ಕೃಷಿ ಕಾರ್ಮಿಕರ ಮನೆಗೆ ಹಕ್ಕು ಕೊಟ್ಟಿತು ನಿಜ, ಆದರೆ ಕಾಫಿ, ಟೀ, ರಬ್ಬರ್‌ನಂಥ ಪ್ಲಾಂಟೇಷನ್ ಜಮೀನನ್ನ ಆ ಕಾಯ್ದೆ ಬಹುಪಾಲು ಹೊರಗಿಟ್ಟಿದೆ. ನಿಮ್ಮ ಮಾಲೀಕರದ್ದು ಕಾಫಿಯೋ ಅಡಿಕೆಯೋ ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ.

ಆದರೂ ಮಾಲೀಕರು ಆಳುಗಳನ್ನ ಕರ್ಕೊಂಡು ಬಂದು ಪಾತ್ರೆ ಹೊರಗೆ ಹಾಕೋ ಹಾಗಿಲ್ಲ. ನೆಲೆಯೂರಿದ ಸ್ವಾಧೀನ ಇರೋವನನ್ನ ನಿಜವಾದ ಮಾಲೀಕನೂ ಕಾನೂನಿನ ದಾರಿಯಲ್ಲೇ ಬಿಡಿಸಬೇಕು ಅಂತ 2004ರ ರಾಮೇಗೌಡ ಪ್ರಕರಣ ಹೇಳುತ್ತೆ, ಅದು ನಮ್ಮ ಕರ್ನಾಟಕದ್ದೇ. ಕೆಲಸಗಾರನ ವಾಸವನ್ನ ಅಂಥ ಸ್ವಾಧೀನ ಅನ್ನಬಹುದಾ ಅಂತ ಎದುರುಗಡೆಯವರು ವಾದ ಮಾಡೇ ಮಾಡ್ತಾರೆ, ಅದಕ್ಕೆ ತಯಾರಿರಿ. ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6 ಪ್ರಕಾರ ಬಲವಂತವಾಗಿ ಹೊರಹಾಕಿದ ಆರು ತಿಂಗಳೊಳಗೆ ದಾವೆ ಹಾಕಬೇಕು, ಆ ಗಡುವು ದಾಟಿಸಬೇಡಿ. ಈ ಕಲಂ ಸರ್ಕಾರದ ವಿರುದ್ಧ ನಡೆಯಲ್ಲ, ಗೋಮಾಳದವರು ಇದನ್ನ ನೆಚ್ಚಿಕೊಳ್ಳೋದು ಬೇಡ. ಕರೆಂಟ್ ಕಿತ್ತ ವಿಷಯಕ್ಕೆ ಇವತ್ತೇ ಒಂದು ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ತಾಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತೆ, ವಕೀಲರ ಫೀಸಿಗೆ ಯೋಚನೆ ಮಾಡಬೇಡಿ.

ಬಯಲುಸೀಮೆ:
ನನ್ನದೊಂದು ಅನುಮಾನ. 30 ವರ್ಷ ಸರ್ಕಾರಿ ಜಮೀನಲ್ಲಿದ್ರೆ ಅದು ನಮ್ಮದೇ ಆಗುತ್ತೆ, ಅರ್ಜಿಗಿರ್ಜಿ ಬೇಡ ಅಂತ ನಮ್ಮೂರ ಕಡೆ ಒಬ್ಬರು ಎಲ್ಲರಿಂದ ದುಡ್ಡು ಎತ್ತಿ ಕೇಸ್ ಹಾಕಿಸ್ತಿದ್ದಾರೆ. ನಿಜಾನಾ?

ಕರಿಕೋಟು:
ದುಡ್ಡು ಕೊಡಬೇಡಿ. ಸರ್ಕಾರ ತನ್ನ ಜಮೀನಿಗೆ ದಾವೆ ಹಾಕೋಕೆ ಕಾಲಮಿತಿ ಕಾಯ್ದೆಯಲ್ಲಿ 30 ವರ್ಷ ಇದೆ, ಆ ಮಾತನ್ನ ಹಿಡ್ಕೊಂಡು ಇವರು ಎಳೀತಿದ್ದಾರೆ. ಪ್ರತಿಕೂಲ ಸ್ವಾಧೀನ, ಅಂದ್ರೆ ಪರರ ಜಮೀನಲ್ಲಿ ಬಹುಕಾಲ ಕೂತದ್ದರಿಂದಲೇ ಹಕ್ಕು ಬಂತು ಅನ್ನೋದನ್ನ ಸಾಬೀತು ಮಾಡಬೇಕಾದ್ರೆ "ಇದು ನನ್ನದೇ, ಸರ್ಕಾರದ್ದಲ್ಲ" ಅಂತ ರಾಜಾರೋಷವಾಗಿ ಅಷ್ಟೂ ವರ್ಷ ಇದ್ದಿರಬೇಕು. ನೀವು ಫಾರಂ 50, 53, 57ರಲ್ಲಿ ಯಾವುದೇ ಒಂದನ್ನ ಕೊಟ್ಟಿದ್ದರೂ "ಜಮೀನು ಸರ್ಕಾರದ್ದು, ನನಗೆ ಮಂಜೂರು ಮಾಡಿ" ಅಂತ ನಿಮ್ಮ ಸಹಿಯಲ್ಲೇ ಬರೆದುಕೊಟ್ಟಂತೆ ಆಯ್ತು. ಟಿ.ಟಿ. ದಂಡ ಕಟ್ಟಿದ ರಶೀದಿಯೂ ಅಷ್ಟೇ. ಸಕ್ರಮಕ್ಕೆ ಅದು ಬಂಗಾರ, ಈ ವಾದಕ್ಕೆ ಅದೇ ಉರುಳು. ಎರಡು ದೋಣಿಯಲ್ಲಿ ಕಾಲಿಡಬೇಡಿ.

ಬೇಲಿಸಾಲು:
ಎಲ್ಲರಿಗೂ ಉಪಕಾರ ಆಯ್ತು. ನಾಳೆ ಉತ್ತರ ಕೊಡ್ತಾ ಇದ್ದೀನಿ. ಒಂದೇ ಒಂದು ಕೇಳ್ತೀನಿ, ಸಮಿತಿ ಮುಂದೆ ಈಗ ಆ್ಯಪ್ ಅಂತೆ, ಉಪಗ್ರಹ ಚಿತ್ರ ನೋಡಿ 2005ಕ್ಕೆ ಮುಂಚೆ ಸಾಗುವಳಿ ಇತ್ತಾ ಅಂತ ತೀರ್ಮಾನ ಮಾಡ್ತಾರಂತೆ. ನಮ್ಮದು ಮಳೆಯಾಶ್ರಿತ ರಾಗಿ. ಬೇಸಿಗೆಯ ಚಿತ್ರ ತೆಗೆದ್ರೆ ಬಯಲು ಥರ ಕಾಣಲ್ವಾ?

ಹಳೇ ಕಡತ:
ಕಾಣುತ್ತೆ, ಅದಕ್ಕೇ ಮುಂಚೆಯೇ ಬರೆದುಕೊಡಬೇಕು. ಉತ್ತರದಲ್ಲಿ ಬೆಳೆ ಯಾವುದು, ಬಿತ್ತನೆ ಯಾವಾಗ, ಕೊಯ್ಲು ಯಾವಾಗ ಅಂತ ನಮೂದಿಸಿ. "ಮುಂಗಾರು ಹಂಗಾಮಿನ ಚಿತ್ರವನ್ನು ಪರಿಶೀಲಿಸಬೇಕು, ಸ್ಥಳ ತನಿಖೆ ಮಾಡಿ ನನ್ನ ಸಮಕ್ಷಮ ಮಹಜರು ಬರೆಯಬೇಕು" ಅಂತ ಸ್ಪಷ್ಟವಾಗಿ ಕೇಳಿ. ಬದು ಹಾಕಿದ್ದು, ಕಲ್ಲು ಆಯ್ದು ಗುಡ್ಡೆ ಮಾಡಿದ್ದು ಇದ್ರೆ ಅದರ ಮುಂದೆ ನಿಂತು ಫೋಟೋ ತೆಗೆಸಿ. ಅಕ್ಕಪಕ್ಕದ ಹಿಡುವಳಿದಾರರಿಬ್ಬರ ಹೇಳಿಕೆ ಸೇರಿಸಿ. ಅವರ ಕ್ರಯಪತ್ರದ ಚಕ್ಕುಬಂದಿಯಲ್ಲಿ ನಿಮ್ಮಪ್ಪನ ಹೆಸರು ಬಂದಿದ್ರೆ ಅದರ ನಕಲು ತಗೊಳ್ಳಿ, ನೋಂದಣಿ ಆದ ಕಾಗದಕ್ಕೆ ಇರೋ ಬೆಲೆ ಬಾಯಿಮಾತಿಗಿಲ್ಲ. 2005ರಲ್ಲಿ ನಿಮಗೆ ಹದಿನೆಂಟು ತುಂಬಿತ್ತಾ ನೋಡ್ಕೊಳ್ಳಿ, ತುಂಬಿರಲಿಲ್ಲ ಅಂದ್ರೆ 57 ಬೀಳುತ್ತೆ. ಆಗ ಅಪ್ಪನ 53 ಒಂದೇ ಗತಿ.

ಉತ್ತರ ಎರಡು ಪ್ರತಿ ಮಾಡಿ. ಒಂದನ್ನ ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. ಆಮೇಲೆ ಹಾಕಿಕೊಡ್ತೀವಿ ಅಂದ್ರೆ ಕಾದು ನಿಂತು ಹಾಕಿಸ್ಕೊಂಡೇ ಬನ್ನಿ.

ಹುಲ್ಲುಗಾವಲು:
ಮೇಲುಗಡೆ ಇಪ್ಪತ್ತು ಎಕರೆಗೆ ಬೇಲಿ ಹಾಕಿದವರ ಮೇಲೆ ನೀವು ದೂರು ಕೊಡೋದಾದ್ರೆ ಹೇಳಿ, ನಾನೂ ಬಂದು ಸಹಿ ಹಾಕ್ತೀನಿ.